ಹಂಗಿನ ಊರು

ಪರದೇಶದಿಂದ ಮರಳಿದವರಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡದವರು ವಿಮಾನನಿಲ್ದಾಣದಿಂದ ಹೊರಬೀಳುತ್ತಿದ್ದಂತೆಯೇ ಮೂಗು ಮುಚ್ಚಿಕೊಳ್ಳುತ್ತಾರೆ. ಇನ್ನೊಂದು ಪಂಗಡದವರು ಅದೇ ಮೂಗನ್ನು ಅರಳಿಸಿ, ಮಣ್ಣಿನ ವಾಸನೆ, ಮಲ್ಲಿಗೆಯ ವಾಸನೆ, ಒಗ್ಗರಣೆಯ ವಾಸನೆ ಎಂದು ಕಣ್ಣು ತುಂಬಿಕೊಳ್ಳುತ್ತಾರೆ. ಮೊದಲಿನವರನ್ನು ಕಂಡರೆ ನಮಗೆ ಕೋಪ; ಎರಡನೆಯವರನ್ನು ಕಂಡರೆ ಅಕ್ಕರೆ. ಎರಡು ವರ್ಷ ಹೊರಗಿದ್ದು ಬಂದ ನಾನು ಎರಡನೆಯ ಪಂಗಡಕ್ಕೆ ಸೇರಿದವನು. ಸೇರಿದವನಾಗಿದ್ದೆ ಎಂದರೆ ಹೆಚ್ಚು ಸರಿ. ಈಗ ನನಗೆ ಈ ಎರಡು ಪಂಗಡಗಳೂ ಒಂದೇ ಮನೆತನದ ದಾಯಾದಿಗಳಂತೆ ಕಾಣುತ್ತಿವೆ. ಇಬ್ಬರೂ ಊರನ್ನು ಮೂಸಿ ನೋಡುವವರು, ಊರಿನಲ್ಲಿ ಇರುವವರಲ್ಲ. ಹೀಗೆ ಹೇಳುವುದಕ್ಕೆ ನನಗೆ ಏನು ಅಧಿಕಾರವೆಂದು ಓದುಗರು ಕೇಳಬಹುದು. ಉತ್ತರವಾಗಿ ನನ್ನ ಪೆಚ್ಚುತನದ ಕಥೆಯೊಂದನ್ನು ಹೇಳದೆ ಗತ್ಯಂತರವಿಲ್ಲ.

ನಾನು ಹೋಗಿದ್ದುದು ಜರ್ಮನಿಯ ನೈರುತ್ಯ ಭಾಗದಲ್ಲಿರುವ ತ್ಯೂಬಿಂಗೆನ್ ಎಂಬ ಊರಿಗೆ. ನೆಕ್ಕರ್ ಹೊಳೆಯ ದಂಡೆಯ ಮೇಲೆ, 1477ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವನ್ನು ಬಳಸಿಕೊಂಡು ಬೆಳೆದ ಊರು ಅದು. ಕನ್ನಡದ ವಿದ್ಯಾರ್ಥಿಗಳಿಗೆ ಈ ಹೆಸರು ತೀರ ಹೊಸದಾಗಿರಲಾರದು. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟು ಕೊಟ್ಟದ್ದು ಅಲ್ಲಿಯ ವಿಶ್ವವಿದ್ಯಾಲಯ. ಕಿಟೆಲ್ಲರಿಗೆ ಕೊಟ್ಟದ್ದೂ ಅದೇ. ನಮ್ಮ ನಾಡಿನಲ್ಲಿ ಬಹುಕಾಲ ದುಡಿದು, 1894ರಲ್ಲಿ ತಮ್ಮ ಮಹಾನಿಘಂಟನ್ನು ಅಚ್ಚಿನಲ್ಲಿ ಕಂಡ ಕಿಟೆಲ್ಲರು 1903ರ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದುದು ಆ ಊರಿನಲ್ಲಿ. ಹಳೆಯ ಮಿಶನ್ ಅಚ್ಚಿನ ಕನ್ನಡ ಪುಸ್ತಕಗಳಿಗೆ ವಿವರವಾದ ಪಟ್ಟಿಯೊಂದನ್ನು ಸಿದ್ಧಪಡಿಸುವ ಕೆಲಸ ನನ್ನದಾಗಿತ್ತು. ಕಾಲೇಜಿನಿಂದ ಸಂಬಳವಿಲ್ಲದ ರಜೆ ಪಡೆದು, ಶಿವಮೊಗ್ಗದ ಮನೆಯಲ್ಲಿ ತಾಯಿ, ಹೆಂಡತಿ, ಶಾಲೆಗೆ ಹೋಗುವ ಮಗಳು ಇವರನ್ನು ಬಿಟ್ಟು ಒಬ್ಬನೇ ಹೋಗಿದ್ದೆ.

ಅಲ್ಲಿಯ ದಿನಚರಿಯನ್ನು ವಿವರಿಸಿ ಬೇಸರಪಡಿಸುವುದಿಲ್ಲ. ಅಂಥ ವಿವರಣೆಗೆ ಕನ್ನಡದಲ್ಲಿ ಕೊರತೆಯಿಲ್ಲ. ಕಾರಂತರ ‘ಅಪೂರ್ವ ಪಶ್ಚಿಮ’, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ ಇವು ನಮ್ಮ ಮನೆಗಳಲ್ಲಿ ಕಾದಂಬರಿಗಳಂತೆ ಓದಿಸಿಕೊಂಡ ಪುಸ್ತಕಗಳು. ಗೊರೂರರ ಪುಸ್ತಕದ ಹೆಸರಿನಲ್ಲಿಯೇ ಒಂದು ತತ್ತ್ವ ಅಡಗಿದೆ: ಅಮೆರಿಕಕ್ಕೆ ಹೋದುದು ಒಬ್ಬ ಮನುಷ್ಯನಲ್ಲ, ಒಂದು ಊರು. ಆದರೆ ನಾನು ಓದಿರುವ ಮಟ್ಟಿಗೆ ನಮ್ಮ ಪ್ರವಾಸ ಸಾಹಿತ್ಯವೆಲ್ಲ ಹೋಗುವವರ ಸಾಹಿತ್ಯ. ಹಿಂದಿರುಗಿ ಬಂದು, ಪೆಟ್ಟಿಗೆ ಬಿಚ್ಚಿ, ತಂದ ಚಾಕೊಲೇಟು ಹಂಚಿ ಮುಗಿದ ಮೇಲೆ ಆ ಮನುಷ್ಯ ಮನೆಯಲ್ಲಿ ಹೇಗೆ ಬಾಳಿದ ಎಂಬುದನ್ನು ಬರೆದವರು ವಿರಳ. ಪುಸ್ತಕ ವಿಮಾನದಿಂದ ಇಳಿಯುವುದರೊಡನೆ ಮುಗಿಯುತ್ತದೆ. ನನ್ನ ಮಾತು ಅಲ್ಲಿಂದ ಮುಂದಿನದು. ಆದರೂ ಅದಕ್ಕೆ ಪೂರ್ವಪೀಠಿಕೆಯಾಗಿ ಅಲ್ಲಿಯ ಎರಡು ಸಂಗತಿಗಳನ್ನು ಹೇಳಲೇಬೇಕು.

ಮೊದಲನೆಯದು ಒಂದು ಹಲಗೆಯ ವಿಚಾರ. ನಾನು ಬಾಡಿಗೆಗೆ ಹಿಡಿದ ಕೋಣೆಯಿದ್ದ ಕಟ್ಟಡದಲ್ಲಿ ಆರು ಸಂಸಾರಗಳಿದ್ದುವು. ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಹಿಡಿಕೆಗೆ ಒಂದು ಪುಟ್ಟ ಹಲಗೆ ನೇತುಬಿದ್ದಿತ್ತು. ಅದರ ಮೇಲೆ ‘ಕೆರ್‌ವೋಖೆ’ ಎಂದು ಬರೆದಿತ್ತು. ‘ಗುಡಿಸುವ ವಾರ’ ಎಂದು ಅರ್ಥ. ಆ ವಾರ ಎಲ್ಲರೂ ಓಡಾಡುವ ಮೆಟ್ಟಿಲು, ಹಾದಿ ಇವನ್ನು ಗುಡಿಸಿ ಒರೆಸುವ ಸರದಿ ನನ್ನದು. ಆ ಸೀಮೆಯವರಿಗೆ, ಅಂದರೆ ಸ್ವೇಬಿಯದವರಿಗೆ, ಇದು ಬಹು ಹಳೆಯ ಪದ್ಧತಿ. ಜರ್ಮನಿಯ ಉಳಿದ ಭಾಗದವರು ಇದನ್ನು ಹಿಡಿದು ಅವರನ್ನು ಹಾಸ್ಯ ಮಾಡುವುದೂ ಉಂಟು. ನಾನು ಗುಡಿಸಿದೆ, ಒರೆಸಿದೆ, ಭಾನುವಾರ ಸಂಜೆ ಹಲಗೆಯನ್ನು ಪಕ್ಕದ ಬಾಗಿಲಿಗೆ ತೂಗುಹಾಕಿದೆ. ಅಲ್ಲಿಗೆ ಮುಗಿಯಿತು. ಯಾರೂ ನನಗೆ ಕೃತಜ್ಞರಾಗಬೇಕಾಗಿರಲಿಲ್ಲ. ನಾನೂ ಯಾರಿಗೂ ಆಗಬೇಕಾಗಿರಲಿಲ್ಲ. ಲೆಕ್ಕ ಚುಕ್ತಾ.

ಎರಡನೆಯದು ಹೆಪ್ಪಿನ ವಿಚಾರ. ಮೊಸರಿಲ್ಲದೆ ಊಟ ಸೇರದ ನಾನು ಅಂಗಡಿಯಿಂದ ಗಾಜಿನ ಜಾಡಿಯ ಮೊಸರನ್ನು ತಂದು, ಅದರಲ್ಲಿ ಒಂದು ಚಮಚ ತೆಗೆದು ಕಾಯಿಸಿದ ಹಾಲಿಗೆ ಹಾಕುತ್ತಿದ್ದೆ. ಮೊಸರೇನೋ ಆಗುತ್ತಿತ್ತು. ಚಳಿಗಾಲದಲ್ಲಿ ಪಾತ್ರೆಯನ್ನು ಉಣ್ಣೆಯ ಟೋಪಿಯೊಳಗಿಟ್ಟು ಕೋಣೆಯನ್ನು ಕಾಯಿಸುವ ಕೊಳವೆಗಳ ಪಕ್ಕದಲ್ಲಿ ಮಲಗಿಸಬೇಕಾಗಿತ್ತು, ಅಷ್ಟೆ. ಖಾಲಿ ಜಾಡಿಯನ್ನು ತೊಳೆದು ಅಂಗಡಿಯ ಯಂತ್ರದ ಬಾಯಿಗೆ ಕೊಟ್ಟರೆ ಅದು ಠೇವಣಿಯ 15 ಸೆಂಟುಗಳನ್ನು ಚೀಟಿಯಲ್ಲಿ ಬರೆದು ಹಿಂದಿರುಗಿಸುತ್ತಿತ್ತು. ಇಲ್ಲಿಯೂ ಲೆಕ್ಕ ಚುಕ್ತಾ. ಶಿವಮೊಗ್ಗದ ನಮ್ಮ ಮನೆಯಲ್ಲಿ ಹೆಪ್ಪು ಕೆಟ್ಟರೆ ಹಿತ್ತಲಿನ ಗೋಡೆಯ ಮೇಲೆ ಒಂದು ಬಟ್ಟಲು ಹೋಗುತ್ತದೆ, ಒಂದು ಬಟ್ಟಲು ಬರುತ್ತದೆ. ಅದಕ್ಕೆ ಠೇವಣಿಯಿಲ್ಲ, ಚೀಟಿಯಿಲ್ಲ, ಮುಕ್ತಾಯವೂ ಇಲ್ಲ. ಈ ವ್ಯತ್ಯಾಸವನ್ನು ಆಗ ನಾನು ಗಮನಿಸಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಆಗ ನನಗೆ ಕಂಡದ್ದು ಬಿಡುಗಡೆ ಮಾತ್ರ. ಬಂದು ಬಾಗಿಲು ಬಡಿಯುವವರಿಲ್ಲ. ‘ಏನು ಮೇಷ್ಟ್ರೇ, ಇವತ್ತು ತಡ?’ ಎನ್ನುವವರಿಲ್ಲ. ಮದುವೆಯ ಕರೆಯೋಲೆಗಳಿಲ್ಲ, ಹೋಗದಿದ್ದರೆ ಆಕ್ಷೇಪಣೆಯಿಲ್ಲ. ಭಾನುವಾರವಂತೂ ಇಡೀ ಊರು ಉಸಿರು ಹಿಡಿದುಕೊಂಡಂತೆ ಇರುತ್ತಿತ್ತು. ಆ ದಿನದ ವಿಶ್ರಾಂತಿಗೆ ಅವರ ಸಂವಿಧಾನದಲ್ಲಿಯೇ ರಕ್ಷಣೆಯಿದೆ. 1919ರ ವೈಮಾರ್ ಸಂವಿಧಾನದ ಆ ವಿಧಿಯನ್ನು 1949ರಲ್ಲಿ ಹೊಸ ಸಂವಿಧಾನ ಮಾಡುವಾಗ ಹಾಗೆಯೇ ಉಳಿಸಿಕೊಂಡರು. ಅಂಗಡಿಗಳು ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯುವುದು ತಪ್ಪು, ಖಾಲಿ ಸೀಸೆಗಳನ್ನು ತೊಟ್ಟಿಗೆ ಎಸೆದು ಸದ್ದು ಮಾಡುವುದೂ ತಪ್ಪು. ಮೊದಲ ಆರು ತಿಂಗಳು ನಾನು ಈ ಮೌನವನ್ನು ಹಬ್ಬದೂಟದಂತೆ ಉಂಡೆ.

ಆಮೇಲೆ ಅಜೀರ್ಣವಾಯಿತು. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುವ ಆ ಊರಿನಲ್ಲಿ ಸಂಜೆಗಳನ್ನು ಕಳೆಯುವುದಕ್ಕೆ ನಾನು ಕಂಡುಕೊಂಡ ಉಪಾಯ ಕಿಟೆಲ್ ನಿಘಂಟನ್ನು ಓದುವುದು. ನಿಘಂಟನ್ನು ನೋಡುವವರು ಬಹಳ ಮಂದಿ. ಕಥೆಯಂತೆ ಓದುವವರು ಕಡಮೆ. ಎಪ್ಪತ್ತು ಸಾವಿರ ಶಬ್ದಗಳ ಆ ಗ್ರಂಥದಲ್ಲಿ ಹಳಗನ್ನಡ ಕವಿಗಳ ಮಾತಿನೊಡನೆ ಅಡಿಗೆಮನೆಯ ಮಾತು, ಕೊಟ್ಟಿಗೆಯ ಮಾತು, ಗಾದೆ, ಒಗಟು ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ನಮ್ಮ ದೈನಂದಿನ ಬದುಕಿನಲ್ಲಿ ಅಡಗಿರುವ ಸಂಪತ್ತನ್ನು ಒಬ್ಬ ಪರದೇಶಿ ನಮಗಿಂತ ಚೆನ್ನಾಗಿ ಎಣಿಸಿಟ್ಟಿದ್ದ. ‘ಸೂರು’, ‘ಹೆಪ್ಪು’, ‘ಹಂಗು’ ಎಂದು ಪುಟಗಳನ್ನು ತಿರುವುತ್ತ ನನಗೆ ಕಣ್ಣು ಮಂಜಾಗುತ್ತಿತ್ತು. ಪಂಪನನ್ನು ನೆನೆದೆ ಎಂದು ಬೇರೆ ಹೇಳಬೇಕಾಗಿಲ್ಲ. ಕನ್ನಡ ಮೇಷ್ಟರು ಊರು ಬಿಟ್ಟರೆ ಪಂಪನನ್ನು ನೆನೆಯದೆ ಇರುವುದು ಶಾಸ್ತ್ರವಿರುದ್ಧ. ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದ ಆ ಕವಿ 941ರ ತನ್ನ ಕಾವ್ಯದಲ್ಲಿ ಅರ್ಜುನನನ್ನು ಬನವಾಸಿಗೆ ಕರೆತಂದು, ತನ್ನ ಹಂಬಲವನ್ನೆಲ್ಲ ಅವನ ಬಾಯಿಂದ ಹೇಳಿಸಿದ್ದಾನೆ. ನಾನೂ ನೆಕ್ಕರ್ ಹೊಳೆಯ ನಡುಗಡ್ಡೆಯಲ್ಲಿ ಸಾಲಾಗಿ ನಿಂತ ದೊಡ್ಡ ಮರಗಳ ಕೆಳಗೆ ಓಡಾಡುತ್ತ, ತುಂಗೆಯ ದಂಡೆಯನ್ನು ನೆನೆದು, ಹಿಂದಿರುಗಿದ ಮೇಲೆ ನನ್ನ ಊರನ್ನು ಹೇಗೆ ಪ್ರೀತಿಸುತ್ತೇನೆಂಬುದನ್ನು ಮನಸ್ಸಿನಲ್ಲಿಯೇ ಬರೆದುಕೊಂಡೆ.

ಫೆಬ್ರವರಿಯ ಕೊನೆಯಲ್ಲಿ ಮನೆಗೆ ಬಂದೆ. ಬರೆದುಕೊಂಡದ್ದನ್ನೆಲ್ಲ ಗಟ್ಟಿಯಾಗಿ ಓದತೊಡಗಿದೆ ಎನ್ನಬೇಕು. ಬೆಳಗಿನ ಜಾವದಲ್ಲಿ ಅಂಗಳಕ್ಕೆ ನೀರು ಚೆಲ್ಲುವ ಸದ್ದು, ಹೂವಿನವಳ ಕೂಗು, ಕುಕ್ಕರಿನ ಶಿಳ್ಳೆ, ಗಾಂಧಿ ಬಜಾರಿನ ನೂಕುನುಗ್ಗಲು, ಕೊನೆಗೆ ಗೋಡೆಯಾಚೆಯ ಮನೆಯ ಟಿವಿಯ ಅಬ್ಬರ ಕೂಡ ನನಗೆ ಅಪೂರ್ವವಾಗಿ ಕಂಡುವು. ಲೋಟ ತಟ್ಟೆಗಳ ಸದ್ದಿಗೂ ಒಂದು ರಾಗವಿದೆಯೆಂದು ಹೆಂಡತಿಗೆ ಹೇಳಿದೆ. ಆಕೆ ಪಾತ್ರೆ ತೊಳೆಯುತ್ತಿದ್ದಳು. ‘ಹಾಗಾದ್ರೆ ನಾಳೆಯಿಂದ ಆ ರಾಗ ನೀವೇ ಹಾಡಿ’ ಎಂದಳು. ನಾನು ನಕ್ಕೆ. ಆಕೆ ನಗಲಿಲ್ಲವೆಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ. ತಾಯಿಯವರು ಕೋಲು ಹಿಡಿದು ಓಡಾಡುತ್ತಿದ್ದರು. ಕೇಳಿದ್ದಕ್ಕೆ, ‘ಚಳಿಗೆ ಮಂಡಿ ಹಿಡ್ಕೊಂಡಿದೆ ಕಣಪ್ಪ, ವಯಸ್ಸಾಯ್ತಲ್ಲ’ ಎಂದರು. ಅದನ್ನೂ ನಾನು ನಂಬಿದೆ. ಮುಪ್ಪಿನಲ್ಲಿಯೂ ಒಂದು ಸೊಬಗು ಕಾಣುವಷ್ಟು ನನ್ನ ಕಣ್ಣು ಆಗ ಮಂಜಾಗಿತ್ತು.

ಮೂರನೆಯ ವಾರದಲ್ಲಿ ಊರಿನ ಒಂದು ಸಂಘದವರು ನನ್ನ ಪರದೇಶದ ಅನುಭವವನ್ನು ಕುರಿತು ಉಪನ್ಯಾಸ ಇಟ್ಟರು. ಇಂಥ ಉಪನ್ಯಾಸಗಳಿಗೆ ಒಂದು ಸಿದ್ಧ ಅಚ್ಚು ಇದೆ. ಯಾವ ದೇಶವನ್ನಾದರೂ ಅದರಲ್ಲಿ ಎರಕ ಹೊಯ್ಯಬಹುದು. ‘ಅಲ್ಲಿ ಶಿಸ್ತು ಇದೆ, ಇಲ್ಲಿ ಪ್ರೀತಿ ಇದೆ. ಅಲ್ಲಿ ಎಲ್ಲವೂ ಇದೆ, ಆದರೆ ನೆರೆಹೊರೆ ಇಲ್ಲ.’ ನಾನು ಕೂಡ ಇದನ್ನೇ ಹೇಳಿದೆ. ಕೆರ್‌ವೋಖೆಯ ಹಲಗೆಯನ್ನು ಹಾಸ್ಯ ಮಾಡಿದೆ. ಹಿತ್ತಲಿನ ಗೋಡೆಯ ಮೇಲೆ ಹೆಪ್ಪಿನ ಬಟ್ಟಲು ದಾಟುವ ಚಿತ್ರವನ್ನು ನಾಲ್ಕಾರು ಬಣ್ಣಗಳಲ್ಲಿ ಬರೆದೆ. ಜನ ಚಪ್ಪಾಳೆ ತಟ್ಟಿದರು. ರಾತ್ರಿ ಮನೆಯಲ್ಲಿ ಊಟಕ್ಕೆ ಬಡಿಸುತ್ತ ಹೆಂಡತಿ ಹೇಳಿದಳು: ‘ಭಾಷಣ ಚೆನ್ನಾಗಿತ್ತು. ಪಕ್ಕದ ಮನೆಯವರಿಗೆ ಇಪ್ಪತ್ತು ಸಾವಿರ ಕೊಡೋದಿದೆ. ನಾನು ಕೊಡಕ್ಕೆ ಹೋದ್ರೆ ತಗೊಳ್ಳಿಲ್ಲ. ಮೇಷ್ಟ್ರು ಬರ್ಲಿ, ಅವರ ಹತ್ರಾನೇ ತಗೋತೀನಿ ಅಂದ್ರು.’

ಈ ಮಾತು ಅರ್ಥವಾಗಬೇಕಾದರೆ ಪಕ್ಕದ ಮನೆಯ ಯಜಮಾನರಿಗೂ ನನಗೂ ಇದ್ದ ಸಂಬಂಧವನ್ನು ತಿಳಿಸಬೇಕು. ಅವರು ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಮ್ಮ ಹೆಂಚಿನ ಮಾಡಿನ ಒಂದು ಮಗ್ಗುಲು ಅವರ ಅಂಗಳದತ್ತ ಇಳಿದಿದೆ. ಮಳೆಗಾಲದಲ್ಲಿ ನಮ್ಮ ಸೂರಿನ ನೀರೆಲ್ಲ ಅವರ ಅಂಗಳದಲ್ಲಿ ಬೀಳುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಜೂನಿನಿಂದ ಆಗಸ್ಟಿನವರೆಗೆ ಸೂರಿನ ನೀರೆಂದರೆ ಒಂದು ಹಳ್ಳ. ಆರು ವರ್ಷಗಳ ಹಿಂದೆ ಅವರು ಹೇಳಿದ ರೀತಿ ನನಗೆ ಸರಿಬೀಳಲಿಲ್ಲ. ನಾನು ಉತ್ತರಿಸಿದ ರೀತಿ ಅವರಿಗೆ ಸರಿಬೀಳಲಿಲ್ಲ. ಅಂದಿನಿಂದ ಗಂಡಸರಿಬ್ಬರ ನಡುವೆ ಮಾತಿಲ್ಲ. ಹೆಪ್ಪಿನ ಬಟ್ಟಲು ಮಾತ್ರ ನಿಂತಿರಲಿಲ್ಲ. ಹೆಂಗಸರು ಗಂಡಸರ ಜಗಳವನ್ನು ಮಳೆಯಂತೆ ಭಾವಿಸಿ, ಅದರ ಕೆಳಗೆ ತಲೆ ಬಗ್ಗಿಸಿಕೊಂಡು ತಮ್ಮ ವ್ಯವಹಾರವನ್ನು ನಡೆಸಿಕೊಂಡು ಬಂದಿದ್ದರು. ನನ್ನ ಉಪನ್ಯಾಸದಲ್ಲಿ ಬಟ್ಟಲಿನ ಪ್ರಸ್ತಾಪ ಬಂದಿತ್ತು. ಸೂರಿನ ನೀರಿನ ಪ್ರಸ್ತಾಪ ಬಂದಿರಲಿಲ್ಲ.

ನಡೆದುದು ಇಷ್ಟು. ಡಿಸೆಂಬರಿನ ಒಂದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ ತಾಯಿಯವರು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು. ಹೆಂಡತಿಯ ಕೂಗು ಕೇಳಿ ಪಕ್ಕದ ಮನೆಯ ಯಜಮಾನರು ತಮ್ಮ ಹಳೆಯ ಓಮ್ನಿಯನ್ನು ತೆಗೆದು, ಅದರ ಹಿಂದಿನ ಸೀಟನ್ನು ಮಡಚಿ, ತಾಯಿಯವರನ್ನು ಚಾಪೆಯ ಸಮೇತ ಎತ್ತಿ ಮಲಗಿಸಿ ಆಸ್ಪತ್ರೆಗೆ ಸೇರಿಸಿದರು. ಮುಂಗಡದ ಹಣವನ್ನು ಕಟ್ಟಿದವರು ಅವರು. ಬೆಳಗಿನವರೆಗೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದವರೂ ಅವರು. ಅವರ ಮನೆಯಾಕೆ ನನ್ನ ಮಗಳನ್ನು ಹತ್ತು ದಿನ ತಮ್ಮಲ್ಲಿ ಇಟ್ಟುಕೊಂಡು ಶಾಲೆಗೆ ಕಳುಹಿಸಿದರು. ನಮ್ಮೂರಿನ ಒಂಬತ್ತೂವರೆ ಎಂದರೆ ಚಳಿಗಾಲದಲ್ಲಿ ಅಲ್ಲಿಯ ಐದು ಗಂಟೆ. ಆ ಹೊತ್ತಿಗೆ ನಾನು ಎಲ್ಲಿದ್ದಿರಬಹುದೆಂದು ಲೆಕ್ಕ ಹಾಕಿ ನೋಡಿದ್ದೇನೆ. ಗ್ರಂಥಾಲಯದಿಂದ ಹಿಂದಿರುಗುತ್ತ ಅಂಗಡಿಯ ಯಂತ್ರದ ಮುಂದೆ ಮೊಸರಿನ ಜಾಡಿ ಹಿಡಿದು ನಿಂತಿದ್ದಿರಬೇಕು.

ನನಗೆ ತಿಳಿಸಲಿಲ್ಲ. ‘ಅಲ್ಲಿಂದ ಏನ್ ಮಾಡಕ್ಕಾಗತ್ತೆ ಅವ್ನಿಗೆ, ಸುಮ್ನೆ ಕೆಲಸ ಕೆಡತ್ತೆ’ ಎಂಬುದು ತಾಯಿಯವರ ತೀರ್ಮಾನ. ಎರಡು ದಿನಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಅವರ ಮುಖ ನೋಡುತ್ತಿದ್ದೆ; ಮುಖವನ್ನು ಬಿಟ್ಟು ಬೇರೇನೂ ಕಾಣದಷ್ಟು ಹತ್ತಿರ ಮೊಬೈಲನ್ನು ಹಿಡಿಯುತ್ತಿದ್ದರು. ಒಮ್ಮೆ ಅವರ ಹಿಂದಿನ ಗೋಡೆ ಹಸುರಾಗಿ ಕಂಡಿತು. ‘ಗೋಡೆಗೆ ಬಣ್ಣ ಹೊಡೆಸಿದ್ರಾ?’ ಎಂದು ಕೇಳಿದೆ. ‘ಹೌದು ಕಣಪ್ಪ, ಹಬ್ಬಕ್ಕೆ ಅಂತ’ ಎಂದರು. ಅದು ಆಸ್ಪತ್ರೆಯ ಗೋಡೆ. ಮನೆಗೆ ಬಂದ ಮೇಲೆ ನಾನು ಎಲ್ಲ ಗೋಡೆಗಳನ್ನೂ ಅಕ್ಕರೆಯಿಂದ ನೋಡಿದವನು. ಯಾವುದೂ ಹಸುರಾಗಿರಲಿಲ್ಲವೆಂಬುದು ನನಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಹಣ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಆರು ವರ್ಷಗಳಿಂದ ಹತ್ತದ ಜಗಲಿ. ಯಜಮಾನರು ಪತ್ರಿಕೆ ಮಡಚಿ, ‘ಬನ್ನಿ ಮೇಷ್ಟ್ರೇ, ಕೂತ್ಕೊಳಿ. ಯಾವಾಗ ಬಂದ್ರಿ?’ ಎಂದರು. ಬಂದು ಮೂರು ವಾರವಾದುದು ಅವರಿಗೆ ತಿಳಿಯದೆ ಇರಲಿಲ್ಲ. ನಾನು ಕೃತಜ್ಞತೆಯ ಮಾತುಗಳನ್ನು ಸಿದ್ಧಪಡಿಸಿಕೊಂಡು ಹೋಗಿದ್ದೆ. ಮಾತು ನನ್ನ ವೃತ್ತಿ. ಎರಡು ವಾಕ್ಯ ಮುಗಿಸುವಷ್ಟರಲ್ಲಿ ಅವರು ಕೈಯೆತ್ತಿ, ‘ಅದ್ಯಾಕೆ ಈಗ, ಬಿಡಿ’ ಎಂದರು. ಕಾಫಿ ಬಂತು. ಹಣದ ಲಕೋಟೆಯನ್ನು ಕೊಟ್ಟೆ. ಬೇಡವೆನ್ನುತ್ತಾರೆಂದು ಒಳಗೊಳಗೆ ನಿರೀಕ್ಷಿಸಿದ್ದೆನೇನೋ. ಅವರು ಲಕೋಟೆ ತೆರೆದು, ಹೆಬ್ಬೆರಳಿಗೆ ಉಗುಳು ಹಚ್ಚಿ, ಮಂಡಿಯಲ್ಲಿ ನಲವತ್ತು ವರ್ಷ ಎಣಿಸಿದ ಅಭ್ಯಾಸದಿಂದ ನೋಟುಗಳನ್ನು ಎಣಿಸಿ, ‘ಸರಿಯಿದೆ’ ಎಂದು ಜೇಬಿಗಿಟ್ಟರು. ಆಮೇಲೆ ಅಂಗಳದ ಕಡೆಗೆ ಕೈತೋರಿಸಿ, ‘ಮಳೆ ಬರೋದ್ರೊಳಗೆ ಆ ಸೂರಿನ ನೀರಿಗೊಂದು ದಾರಿ ಮಾಡಿಸಿ ಮೇಷ್ಟ್ರೇ. ಹೋದ ವರ್ಷ ನಮ್ಮ ಗೋಡೆ ಬುಡ ಕೊರ್ಕೊಂಡು ಹೋಗಿದೆ’ ಎಂದರು.

ಆ ಕ್ಷಣದಲ್ಲಿ ನನಗೆ ಕೋಪ ಬಂದಿತೆಂದು ಒಪ್ಪಿಕೊಳ್ಳುತ್ತೇನೆ. ಉಪಕಾರ ಮಾಡಿದವರು ಉಪಕಾರಿಗಳಂತೆ ಇರಬೇಕೆಂಬುದು ನಮ್ಮ ಕಾವ್ಯಗಳ ಸಂಪ್ರದಾಯ. ಜಗಳದ ಎದುರುಗಾರನೊಬ್ಬ ತಾಯಿಯನ್ನು ಎತ್ತಿ ಉಳಿಸಿದರೆ, ಮುಂದಿನ ಅಂಕದಲ್ಲಿ ಜಗಳ ಕರಗಿಹೋಗಬೇಕು. ಇಲ್ಲಿ ಉಪಕಾರ ಉಪಕಾರವಾಗಿಯೇ ಉಳಿಯಿತು, ಜಗಳ ಜಗಳವಾಗಿಯೇ ಉಳಿಯಿತು. ಒಂದರ ಲೆಕ್ಕವನ್ನು ಇನ್ನೊಂದರಲ್ಲಿ ವಜಾ ಮಾಡಲು ಅವರು ಒಪ್ಪಲಿಲ್ಲ. ಮನೆಗೆ ಬಂದು ಯೋಚಿಸಿದಷ್ಟೂ ಅವರು ಮಾಡಿದುದು ಸರಿಯೆಂದು ತೋರಿತು. ಹಣವನ್ನು ಬೇಡವೆಂದಿದ್ದರೆ ಅವರು ದೊಡ್ಡವರಾಗುತ್ತಿದ್ದರು, ನಾನು ಸಣ್ಣವನಾಗುತ್ತಿದ್ದೆ. ಸೂರಿನ ನೀರಿನ ಮಾತೆತ್ತದೆ ಇದ್ದಿದ್ದರೆ ನಾನು ಅತಿಥಿಯಾಗಿ ಉಳಿಯುತ್ತಿದ್ದೆ. ಅತಿಥಿಗಳಿಗೆ ಸೂರಿನ ನೀರಿನ ಮಾತನ್ನು ಯಾರೂ ಹೇಳುವುದಿಲ್ಲ. ಮರಳಿ ಬಂದ ಮೂರು ವಾರಗಳಲ್ಲಿ ನಾನು ಊರಿಗೆ ಸೇರಿದವನೆಂಬಂತೆ ನನ್ನೊಡನೆ ಮಾತನಾಡಿದ ಮೊದಲ ಮನುಷ್ಯ ಆತ. ನನ್ನ ಹೆಂಡತಿಯನ್ನು ಬಿಟ್ಟರೆ ಎಂದು ಸೇರಿಸಬೇಕು.

ತ್ಯೂಬಿಂಗೆನ್ನಿನಲ್ಲಿ ಕನ್ನಡ ಕಲಿಯುತ್ತಿದ್ದ ಯುವಕನೊಬ್ಬ ‘ಹಂಗು’ ಎಂಬ ಶಬ್ದಕ್ಕೆ ಅರ್ಥ ಕೇಳಿದ್ದ. ಅವರ ಭಾಷೆಯ ‘ಶುಲ್ಡ್’ ಎಂಬ ಮಾತನ್ನು ಅವನು ಸೂಚಿಸಿದ. ಆ ಮಾತಿಗೆ ಸಾಲ ಎಂಬ ಅರ್ಥವೂ ಇದೆ, ತಪ್ಪು ಎಂಬ ಅರ್ಥವೂ ಇದೆ. ಈ ಎರಡು ಅರ್ಥಗಳ ನಂಟನ್ನು ಹಿಡಿದು ನೀಚೆ 1887ರ ತನ್ನ ಪುಸ್ತಕವೊಂದರಲ್ಲಿ ದೊಡ್ಡ ವಾದವನ್ನೇ ಕಟ್ಟಿದ್ದಾನೆ. ಅದು ಹಂಗಲ್ಲ ಎಂದೆ. ಸಾಲ ತೀರುತ್ತದೆ. ಋಣ ಜನ್ಮಾಂತರಕ್ಕೆ ಹೋಗುತ್ತದೆ. ಹಂಗು ಇವೆರಡರ ನಡುವೆ ಎಲ್ಲಿಯೋ ಇದೆ: ಕೊಟ್ಟವನು ಕೇಳುವುದಿಲ್ಲ, ಕೊಂಡವನು ಮರೆಯಲಾರ. ನಮ್ಮ ಕವಿಗಳು ಅದನ್ನು ಹೊಗಳಿದವರಲ್ಲ. ವಚನಕಾರರಿಗೆ ಅದು ಬಂಧನ. ಸರ್ವಜ್ಞನಿಗೆ ಹಂಗಿನ ಅನ್ನವೆಂದರೆ ಹೇವರಿಕೆ. ನಾನೂ ಹಂಗಿಲ್ಲದ ಬಾಳನ್ನು ಎರಡು ವರ್ಷ ಬಾಳಿ, ಅದರ ರುಚಿ ನೋಡಿದವನು. ಆದರೂ ಈಗ ಅನ್ನಿಸುತ್ತದೆ: ಪರದೇಶದಲ್ಲಿ ಕುಳಿತು ನಾನು ಹಂಬಲಿಸಿದುದು ಮಲ್ಲಿಗೆಗಲ್ಲ, ಒಗ್ಗರಣೆಗಲ್ಲ, ಅವೆರಡೂ ಅಲ್ಲಿಯೂ ಹಣಕ್ಕೆ ಸಿಕ್ಕಾವು. ನಾನು ಹಂಬಲಿಸಿದುದು ಹಂಗಿಗೆ. ಅದರ ಹೆಸರು ಮಾತ್ರ ನನಗೆ ತಿಳಿದಿರಲಿಲ್ಲ. ಹೆಸರು ತಿಳಿಯದೆ ಅದರ ಸುತ್ತಮುತ್ತಲಿನ ವಾಸನೆಯನ್ನೂ ಸದ್ದನ್ನೂ ಹೊಗಳಿಕೊಂಡು ತಿರುಗಿದೆ.

ಹಾಗೆಯೇ ‘ಅಲ್ಲಿ ಶಿಸ್ತು, ಇಲ್ಲಿ ಪ್ರೀತಿ’ ಎಂದ ನನ್ನ ಉಪನ್ಯಾಸದ ಮಾತನ್ನು ಈ ಅಂಕಣದ ಮೂಲಕ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಭಾನುವಾರ ಸೀಸೆಯ ಸದ್ದು ಮಾಡಬಾರದೆಂಬುದು ಬರಿಯ ಶಿಸ್ತಲ್ಲ. ಮೇಲಿನ ಮನೆಯ ಮುದುಕಿ ಮಲಗಿರಬಹುದೆಂಬ ಎಣಿಕೆ ಅದರಲ್ಲಿದೆ. ನಡುಹಗಲಿನಲ್ಲಿ ಮೆಟ್ಟಿಲ ಮೇಲೆ ಎದುರಾದವರು ‘ಮಾಲ್‌ತ್ಸೈಟ್’ ಎನ್ನುತ್ತಿದ್ದರು. ಊಟದ ಹೊತ್ತು ಎಂದು ಅದರ ಅರ್ಥ. ನಮ್ಮ ‘ಊಟ ಆಯ್ತಾ’ ಎಂಬ ಮಾತಿಗೆ ಅದು ಅಣ್ಣತಮ್ಮನ ವರಸೆ. ಅವರಿಗೂ ನೆರೆಹೊರೆಯಿತ್ತು, ಅದರಲ್ಲಿ ನಾನಿರಲಿಲ್ಲ, ಅಷ್ಟೆ. ಹಾಗೆಯೇ ನಮ್ಮಲ್ಲಿರುವುದು ಬರಿಯ ಪ್ರೀತಿಯೂ ಅಲ್ಲ. ನನ್ನ ಹೆಂಡತಿ ಎರಡು ವರ್ಷ ದಿನವೂ ಐದು ಗಂಟೆಗೆದ್ದು ನಡೆಸಿದ ಮನೆಗೆ ಪ್ರೀತಿಯೆಂದು ಹೆಸರಿಟ್ಟು ಸುಮ್ಮನಾಗುವುದು ಕೆಲಸ ಮಾಡದವರಿಗೆ ಅನುಕೂಲವಾದ ಮಾತು. ಹಲಗೆಯನ್ನು ನಾನು ಹಾಸ್ಯ ಮಾಡಬಾರದಾಗಿತ್ತು. ಅದು ನಮ್ಮ ಮನೆಯ ಅಡಿಗೆಮನೆಯ ಬಾಗಿಲಿಗೆ ತೂಗಿದ್ದರೆ, ಹದಿನೈದು ವರ್ಷಗಳಿಂದ ಒಬ್ಬರ ಹೆಸರಿನ ವಾರವೇ ನಡೆಯುತ್ತಿರುವುದು ಯಾರ ಕಣ್ಣಿಗಾದರೂ ಬೀಳುತ್ತಿತ್ತು.

ಇಷ್ಟರಮೇಲೆ ಹಂಗನ್ನು ಹೊಗಳಿ ಮಾತು ಮುಗಿಸಬಹುದೆಂದು ನಾನೂ ಎಣಿಸಿದ್ದೆ. ಜುಲೈ ತಿಂಗಳಿನಲ್ಲಿ ತರಗತಿಯಲ್ಲಿ ಪಂಪನ ಬನವಾಸಿಯ ಪದ್ಯಗಳನ್ನು ಪಾಠ ಮಾಡಿದೆ. ಈ ಸಲ ನನ್ನ ದನಿಯಲ್ಲಿ ಅನುಭವದ ಭಾರವಿತ್ತು. ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಹಿಂದೆಯೇ ಬಂದ. ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ಹಣ ಕೂಡಿಸಿ ಓದು ಮುಂದುವರಿಸಲು ಬಂದ ಹುಡುಗ; ಸೊರಬದ ಕಡೆಯವನು, ಬನವಾಸಿಗೆ ತೀರ ಸಮೀಪದ ಹಳ್ಳಿ. ‘ಸಾರ್, ನಮ್ಮೂರಲ್ಲಿ ನಾನು ಯಾರ ಮಗ, ಯಾವ ಕೇರಿ ಅಂತ ಎಲ್ರಿಗೂ ಗೊತ್ತು. ಬೆಂಗಳೂರಲ್ಲಿ ಯಾರೂ ಕೇಳ್ತಿರ್ಲಿಲ್ಲ. ಆ ಎರಡು ವರ್ಷ ನಾನು ಊರನ್ನ ಒಂದ್ಸಲಾನೂ ನೆನೆಸ್ಕೊಳ್ಳಿಲ್ಲ ಸಾರ್. ಅದು ತಪ್ಪಾ?’ ಎಂದು ಕೇಳಿದ.

1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಹಳ್ಳಿಯನ್ನು ಕುರಿತು ಆಡಿದ ಕಟುವಾದ ಮಾತುಗಳನ್ನು ನಾನು ಓದಿದವನು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಪಾಠ ಮಾಡಿದವನು. ಆದರೂ ಹಂಗನ್ನು ಕುರಿತು ಯೋಚಿಸುವಾಗ ಈ ಹುಡುಗ ನನ್ನ ನೆನಪಿಗೆ ಬರಲಿಲ್ಲ. ಹೆಪ್ಪಿನ ಬಟ್ಟಲು ದಾಟುವ ಗೋಡೆಗಳಿವೆ, ದಾಟದ ಗೋಡೆಗಳೂ ಇವೆ. ನಮ್ಮ ಹಿತ್ತಲಿನ ಗೋಡೆಯನ್ನು ಅದು ಸುಲಭವಾಗಿ ದಾಟುತ್ತಿದ್ದುದಕ್ಕೆ ಕಾರಣ ಎರಡು ಮನೆಯ ಹೆಂಗಸರ ಒಳ್ಳೆಯತನ ಮಾತ್ರವಲ್ಲವೆಂಬುದನ್ನು ನಾನು ಬಲ್ಲೆ. ಹಂಗು ಇಬ್ಬದಿಯಿಂದಲೂ ನಡೆದರೆ ನೆರೆಹೊರೆ. ಒಂದೇ ಬದಿಯಿಂದ ನಡೆದರೆ ಅದಕ್ಕೆ ಬೇರೆ ಹೆಸರಿದೆ. ಆ ಹುಡುಗನಿಗೆ, ‘ತಪ್ಪಲ್ಲ’ ಎಂದಷ್ಟೇ ಹೇಳಿದೆ. ಅವನು ಇನ್ನೂ ಏನನ್ನೋ ನಿರೀಕ್ಷಿಸಿ ನಿಂತಂತಿತ್ತು. ಗಂಟೆ ಹೊಡೆಯಿತು.

ಸೂರಿನ ಮಾತು ಉಳಿಯಿತು. ಮೇ ತಿಂಗಳ ಕೊನೆಯಲ್ಲಿಯೇ ಕೆಲಸದವರನ್ನು ಕರೆಸಿ, ಸೂರಿನ ಉದ್ದಕ್ಕೂ ತಗಡಿನ ದೋಣಿಯೊಂದನ್ನು ಹಾಕಿಸಿ, ನೀರನ್ನು ನಮ್ಮ ಅಂಗಳದ ಕಡೆಗೆ ತಿರುಗಿಸಿದ್ದೆ. ಏಣಿಯ ಬುಡ ಹಿಡಿದು ನಿಂತವರು ಪಕ್ಕದ ಮನೆಯ ಯಜಮಾನರು. ಇಳಿಜಾರು ಸಾಲದೆಂದು ಅವರು, ಸಾಕೆಂದು ನಾನು, ಸ್ವಲ್ಪ ಹೊತ್ತು ಮಾತಿಗೆ ಮಾತು ಬೆಳೆಯಿತು. ಮೊದಲ ದೊಡ್ಡ ಮಳೆಯ ರಾತ್ರಿ ದೋಣಿಯ ನಡುವಿನ ಬೆಸುಗೆ ಬಿಟ್ಟಿತು. ಬೆಳಿಗ್ಗೆ ಹಿತ್ತಲಿಗೆ ಹೋದಾಗ ಗೋಡೆಯ ಮೇಲೆ ಎಂದಿನ ಬಟ್ಟಲು ಇತ್ತು, ಅದರ ಪಕ್ಕದಲ್ಲಿ ಅವರ ತಲೆಯೂ ಇತ್ತು. ‘ನಾನು ಅವತ್ತೇ ಹೇಳಿರ್ಲಿಲ್ವಾ ಮೇಷ್ಟ್ರೇ’ ಎಂದು ಆರಂಭಿಸಿದರು. ನಾನು ಬಟ್ಟಲನ್ನು ಒಳಗೆ ಕೊಟ್ಟು ಬಂದು, ಏಣಿ ತರಲು ಹೋದೆ.